ನೀಲವ್ವನವರು ತೂಗಿಟ್ಟ ಕಟ್ಟಿಗೆ

ನೀಲವ್ವನವರು ಯಾರ ಮನೆಗೆ ಹೋದರೂ ತಮಗಾಗಿ ಮಾಡುವ ಚಹಾದ ಕಟ್ಟಿಗೆಯನ್ನು ಮೊದಲು ತೂಗುತ್ತಿದ್ದರು. ಹೆಗಲಚೀಲದಿಂದ ಸ್ಪ್ರಿಂಗ್ ತಕ್ಕಡಿ ತೆಗೆದು, ಒಲೆಗಿಡಲಿದ್ದ ನಾಲ್ಕು ಕಡ್ಡಿಗಳನ್ನು ದಾರದಲ್ಲಿ ಕಟ್ಟಿ ಕೊಂಡಿಗೆ ಸಿಕ್ಕಿಸಿ, ಮುಳ್ಳು ನಿಲ್ಲುವವರೆಗೆ ಉಸಿರು ಬಿಗಿಹಿಡಿದು ನಿಲ್ಲುವರು. ಹೆಬ್ಬಳ್ಳಿಯ ಒಬ್ಬ ಮುದುಕಿ ನನ್ನೆದುರಿಗೇ ಕೇಳಿದ್ದಳು:

“ಯವ್ವಾ, ಚಾ ಕುಡಿಯಾಕ ಬಂದೀಯೋ, ಕಟಗಿ ತೂಗಾಕ ಬಂದೀಯೋ?”

“ಎರಡಕ್ಕೂ ಬಂದೇನಿ ಆಯಿ. ಮೊದಲ ತೂಗ್ತೇನಿ, ಆಮ್ಯಾಲೆ ಕುಡೀತೇನಿ.”

ಯಾವ ಮನೆ ಎಷ್ಟು ಇಂಧನ ಉರಿಸುತ್ತದೆ, ಅದರಿಂದ ಎಷ್ಟು ಇಂಗಾಲ ಗಾಳಿಗೆ ಸೇರುತ್ತದೆ ಎಂಬುದನ್ನು ಅಳೆಯುವ ಸಮೀಕ್ಷೆ ನಮ್ಮದು. ಹಳ್ಳಿಯಾದ ಹೆಬ್ಬಳ್ಳಿಯ ಒಲೆಗಳಿಂದ ಪಟ್ಟಣದ ವಿದ್ಯಾನಗರದ ಕಾರುಗಳವರೆಗೆ ಅದರ ವ್ಯಾಪ್ತಿ. ಮನೆಮನೆಗೆ ಹೋಗಿ ಅಳೆದು ನಮೂನೆ ತುಂಬುವ ಕೆಲಸ ಹೆಬ್ಬಳ್ಳಿಯವರೇ ಆದ ನೀಲವ್ವನವರದು. ಅವನ್ನು ಪರಿಶೀಲಿಸುವುದು ನನ್ನದು. ದಿನಾಂಕಗಳನ್ನು ತಾಳೆ ನೋಡದೆ ನಾನು ಸಹಿ ಮಾಡಿದವನಲ್ಲ. ಒಂದು ಮನೆಯ ಅಳತೆ ನನ್ನ ದಿನಚರಿಯಂತೆ ಗುರುವಾರ ಆಗಬೇಕಿತ್ತು, ನಮೂನೆಯಲ್ಲಿ ಶುಕ್ರವಾರವಿತ್ತು. ಕೇಳಿದೆ.

“ಗುರುವಾರ ಅವರ ಒಲಿ ಹಚ್ಚಿದ್ದಿಲ್ರಿ ಸರ್. ಚುರುಮುರಿ ತಿಂದು ಮಲಗಿದ್ರು. ಸೊನ್ನಿ ಬರದೇನಿ, ಹಿಂದಿನ ಹಾಳಿ ನೋಡ್ರಿ.”

ನೋಡಿದೆ. ಸೊನ್ನೆ ಇತ್ತು.

ವಿದ್ಯಾನಗರದ ಯಜಮಾನರೊಬ್ಬರು ಅಂಗಳ ತೋರಿಸಿ, “ನಾವು ಗಿಡಾ ಹಚ್ಚೇವಿ, ಅದನ್ನೂ ಬರ್ಕೋರಿ” ಎಂದಾಗ, ನೀಲವ್ವನವರು ತಲೆಯೆತ್ತದೆ, “ಬರ್ಕೋತೇನ್ರಿ. ಕಾರು ಎಷ್ಟಂದ್ರಿ?” ಎಂದಿದ್ದರು.

ವರದಿ ಬರೆದವನು ನಾನು. ಶ್ರೀಮಂತ ದೇಶಗಳವರ ಮುಂದೆ ನಮ್ಮವರ ತಲಾ ಹೊರಸೂಸುವಿಕೆ ಅತ್ಯಲ್ಪವೆಂದು ತೋರಿಸುವ ಅವಸರದಲ್ಲಿ ಎಲ್ಲ ಮನೆಗಳನ್ನೂ ಕೂಡಿಸಿ ಒಂದೇ ಸರಾಸರಿ ಕೊಟ್ಟೆ. ನೀಲವ್ವನವರು ಬೇರೆ ಅಂಕಣದಲ್ಲಿ ಬರೆದಿದ್ದ ಚಹಾದ ಕಟ್ಟಿಗೆಯನ್ನು ಆಯಾ ಮನೆಯ ಮೊತ್ತಕ್ಕೇ ಸೇರಿಸಿದೆ. ಅಚ್ಚಾದ ಪ್ರತಿಯನ್ನು ಓದಿ ಅವರು ನನ್ನ ಕೋಣೆಗೆ ಬಂದರು.

“ದೇಶ ದೇಶದ್ದು ಬ್ಯಾರೆ ಬ್ಯಾರೆ ಬರದೀರಿ. ಊರಾಗಿನ ಮನಿಗಳ್ನ ಯಾಕ ಒಂದರಾಗ ಕಲಸಿದ್ರಿ ಸರ್? ಆ ಕಾರಿನ ಹೊಗಿ ನಮ್ಮೂರ ಆ ಮುದುಕಿ ಪಾಲಿಗೂ ಬಂತಲ್ರಿ. ನಾ ಕುಡದ ಚಾನೂ ಆಕೀ ಹೆಸರಿಗೇ ಹಾಕೀರಿ.”

“ಅದು ಬಹಳ ಸಣ್ಣ ತೂಕ ನೀಲವ್ವ. ಫಲಿತಾಂಶ ಬದಲಾಗೂದಿಲ್ಲ.”

“ನಿಮಗ ಸಣ್ಣದ್ರಿ. ‘ನಿಮ್ಮದಷ್ಟ ನಿಮ್ಮ ಹೆಸರಿಗೆ ಹತ್ತತೈತಿ’ ಅಂತ ಆ ಮಂದಿಗೆ ಹೇಳಿ ನಾ ತೂಗೇನಿ. ನಾಳೆ ಅವರ ಮನಿ ಮುಂದ ಹೆಂಗ ಹಾಯ್ಲಿ?”

ತಿದ್ದುವೆನೆಂದೆ. ತಿದ್ದಲಿಲ್ಲ. ನಿವೃತ್ತಿ ಬಂತು, ನಮೂನೆಗಳ ಕಟ್ಟುಗಳು ನನ್ನೊಡನೆ ಮನೆಗೆ ಬಂದು ಅಟ್ಟ ಸೇರಿದವು.

ನೀಲವ್ವನವರೊಡನೆ ಕೊನೆಯ ಭೇಟಿ ಆಸ್ಪತ್ರೆಯಲ್ಲಿ. ಹುಟ್ಟಿದಂದಿನಿಂದ ಒಲೆಯ ಹೊಗೆ ಕುಡಿದ ಎದೆ. ಮಾತಿಗೊಮ್ಮೆ ನಿಂತು ಉಸಿರು ಹುಡುಕುತ್ತಿದ್ದರು. ಮೂಗಿಗಿಟ್ಟ ನಳಿಕೆಯನ್ನು ತುಸು ಸರಿಸಿ ಕೇಳಿದರು:

“ತಿದ್ದಿದ್ರೇನ್ರಿ ಸರ್?”

“ತಿದ್ದೇನಿ.”

“ಛಲೋ ಆತ್ರಿ.”

ಜೀವಮಾನದಲ್ಲಿ ನಾನು ದಾಖಲೆಯಿಲ್ಲದೆ ಆಡಿದ ಮಾತು ಅದೊಂದೇ ಇರಬೇಕು. ಅವರು ತಾಳೆ ನೋಡಲಿಲ್ಲ, ನನ್ನನ್ನು ನಂಬಿದರು. ವಾರದೊಳಗೆ ತೀರಿಕೊಂಡರು.

ಮಣ್ಣು ಮುಗಿಸಿ ಬಂದ ಮರುದಿನ ಕಟ್ಟುಗಳನ್ನು ಇಳಿಸಿದೆ. ಒಂದೊಂದೇ ಮನೆಯ ಲೆಕ್ಕ ತಿದ್ದುತ್ತ ಹೋದಂತೆ ನೀಲವ್ವನವರ ಮನೆಯ ನಮೂನೆಯೂ ಬಂತು. ಅವರ ಮನೆಯನ್ನು ಅವರೇ ಅಳೆಯುವಂತಿರಲಿಲ್ಲವಾದ್ದರಿಂದ ನಾನು ಹೋಗಿದ್ದೆ. ಅವರ ತಾಯಿ ಚಹಾ ಕೊಟ್ಟಿದ್ದರು. ಕುಡಿದು, ಮೊತ್ತ ಬರೆದು, ಎದ್ದು ಬಂದಿದ್ದೆ.

ನನ್ನ ಅಕ್ಷರದ ಕೆಳಗೆ ಪೆನ್ಸಿಲಿನಲ್ಲಿ ಅವರ ಅಕ್ಷರವಿತ್ತು: “ಇದರಲ್ಲಿ ಸರ್ ಅವರ ಚಹಾದ್ದು ಇಷ್ಟು. ನೀರಿಡುವ ಮೊದಲೇ ತೂಗಿದ್ದೇನೆ.” ಪಕ್ಕದಲ್ಲಿ ತೂಕ.

ಅಂದು ಸಹಿ ಹಾಕುವಾಗ ನನಗೆ ಅದು ಕಂಡಿರಲಿಲ್ಲ; ದಿನಾಂಕ ಮಾತ್ರ ನೋಡಿದ್ದೆ. ಆ ತೂಕವನ್ನು ಅವರ ಮನೆಯ ಮೊತ್ತದಿಂದ ಕಳೆದೆ. ಹೊಸ ಹಾಳೆ ತೆಗೆದು, ಮೇಲೆ ನನ್ನ ಹೆಸರು ಬರೆದು, ಮೊದಲ ಸಾಲಿನಲ್ಲಿ ಅದನ್ನು ನಮೂದಿಸಿದೆ. ಪರಿಶೀಲಿಸಿದವರ ಸಹಿಯ ಜಾಗ ಖಾಲಿ ಉಳಿದಿದೆ.