ತಾಯಮ್ಮನ ಚಿಪ್ಪಿನ ಇಟ್ಟಿಗೆ

ಬಿಳಿಕೆರೆ ಬಸ್ ನಿಲ್ದಾಣದ ಪಕ್ಕದ ಹೋಟೆಲಿನಲ್ಲಿ ಈಚೆಗೆ ಕಪ್ಪೆಚಿಪ್ಪು ಬೇಯಿಸುತ್ತಾರೆ. ಆ ಸಮುದ್ರದ ವಾಸನೆಗೆ ಉಳಿದವರ ಬಾಯಲ್ಲಿ ನೀರೂರಿದರೆ ನನಗೆ ಹೊಟ್ಟೆ ಉರಿಯುತ್ತದೆ. ಕಾರಣ ತಾಯಮ್ಮ.

ತಾಯಮ್ಮ ಅಂತರಸಂತೆ ಕಡೆಯ ಕಾಡಂಚಿನ ಹಾಡಿಯವಳು. ನನ್ನ ಸಿಮೆಂಟ್ ಇಟ್ಟಿಗೆಯ ಶೆಡ್ಡಿನಲ್ಲಿ ಎಂಟು ವರ್ಷ ಕಾಂಕ್ರೀಟು ಕಲಸಿದವಳು. ಮರಳೆಷ್ಟು, ನೀರೆಷ್ಟು ಎಂದು ಕಲಿಸಿದವನು ನಾನು. ಇದನ್ನು ಊರಿಗೆಲ್ಲ ಹೇಳಿಕೊಂಡು ತಿರುಗಿದ್ದೇನೆ. ನಿಮಗೂ ಹೇಳದೆ ಇರಲಾಗಲಿಲ್ಲ, ನೋಡಿ. ಕೆಲಸ ಬಿಟ್ಟು ಹೋದವಳು ಎನ್. ಬೇಗೂರಿನಾಚೆ ಗಡಿರಸ್ತೆಯ ಹೋಟೆಲುಗಳು ಹಿತ್ತಿಲಿಗೆ ಎಸೆದ ಚಿಪ್ಪನ್ನು ಮೂಟೆಗಟ್ಟಲೆ ಹೊತ್ತು ತಂದಳು. ಉಪ್ಪು ಹೋಗುವಂತೆ ತೊಳೆದು, ಒಣಗಿಸಿ, ಕುಟ್ಟಿ, ಒಂದು ಪಾಲು ಮರಳಿನ ಬದಲು ಕಾಂಕ್ರೀಟಿಗೆ ಸೇರಿಸಿದಳು. ಅಂಗನವಾಡಿಯ ಅಂಗಳಕ್ಕೆ ಈ ಸಲ ನನ್ನದರ ಬದಲು ಅವಳ ಇಟ್ಟಿಗೆ ಹಾಸಿ ನೋಡೋಣ ಎಂದರು ಪಂಚಾಯಿತಿಯ ಎಂಜಿನಿಯರು.

ಅಂದು ನನಗೆ ಊಟ ಸೇರಲಿಲ್ಲ. "ಮೀನಂಗಡಿ ಕಸ ಸಾರ್, ಎರಡು ಮಳೆಗೆ ಉದುರೋಯ್ತದೆ" ಎಂದೆ. ಅವರು ಇಬ್ಬರ ಇಟ್ಟಿಗೆಯನ್ನೂ ಮೈಸೂರಿಗೆ ಒಯ್ದು ಯಂತ್ರದಲ್ಲಿ ಒತ್ತಿಸಿದರು. ಅವಳದು ಮೊದಲು ಸೀಳಿತು. ಜೊತೆಗೆ ಹೋಗಿದ್ದ ನಾನು ಬರುವಾಗ ಮೈಸೂರುಪಾಕು ಕಟ್ಟಿಸಿಕೊಂಡು ಬಂದೆ.

ಮರುದಿನ ತಾಯಮ್ಮ ಶೆಡ್ಡಿಗೆ ಬಂದು ಒಡೆದ ತುಂಡನ್ನು ನನ್ನ ಮುಂದಿಟ್ಟಳು.

"ಅಣ್ಣ, ಎಲ್ಲಿ ತಪ್ಪಾಯ್ತು ಏಳಿ. ತಿದ್ಕತೀನಿ."

ನೋಡಿದ ಕೂಡಲೇ ತಿಳಿಯಿತು. ಚಿಪ್ಪು ಚಪ್ಪಟೆ ಚೂರುಗಳಾಗಿಯೇ ಉಳಿದು ಸಿಮೆಂಟಿನ ಹಿಡಿತಕ್ಕೆ ಸಿಕ್ಕಿರಲಿಲ್ಲ. ಇನ್ನಷ್ಟು ನುಣ್ಣಗೆ ಬೀಸಬೇಕಿತ್ತು, ಅಷ್ಟೇ.

"ನಂಗೂ ತಿಳೀತಿಲ್ಲ ಕಣಮ್ಮ" ಎಂದೆ.

ಅವಳು ತುಂಡನ್ನು ಸೆರಗಿನಲ್ಲಿ ಕಟ್ಟಿಕೊಂಡು ಹೊರಟಳು. ತಿಂಗಳೊಳಗೆ ಖಾರದಪುಡಿಯ ಹಳೇ ಗಿರಣಿಯೊಂದನ್ನು ಹಿಡಿದು ತಾನೇ ನುಣ್ಣಗೆ ಬೀಸಿಕೊಂಡಳು. ಎರಡನೆಯ ಸಲ ಅವಳ ಇಟ್ಟಿಗೆ ನನ್ನದಕ್ಕೆ ಸಮವಾಗಿ ನಿಂತಿತು, ಅಂಗಳ ಅವಳದಾಯಿತು. ಅವಳು ಗೆದ್ದದ್ದಕ್ಕಿಂತ, ನಾನಿಲ್ಲದೆ ಗೆದ್ದಳಲ್ಲ ಎಂಬುದೇ ನನ್ನನ್ನು ಹೆಚ್ಚು ಸುಟ್ಟಿತು.

ಹೋದ ವಾರ ಆ ಅಂಗಳ ನೋಡಲು ಹೋಗಿದ್ದೆ. ಎಲ್ಲಾದರೂ ಬಿರುಕು ಬಿಟ್ಟಿರಬಹುದೆಂಬ ಆಸೆ, ಸುಳ್ಳೇಕೆ ಹೇಳಲಿ. ಮೂರು ಮಳೆಗಾಲ ಕಳೆದಿದ್ದರೂ ಒಂದೂ ಉದುರಿರಲಿಲ್ಲ. ತಾಯಮ್ಮ ಮೂಲೆಯಲ್ಲಿ ಹೊಸ ಸಾಲು ಹಾಸುತ್ತಿದ್ದಳು.

"ತಾಯಮ್ಮ, ಅವತ್ತು ನಂಗೆ ಗೊತ್ತಿತ್ತು ಕಣವ್ವ" ಎಂದೆ.

ಅವಳು ತಲೆ ಎತ್ತಲಿಲ್ಲ. "ನಿಮ್ಗೆ ಗೊತ್ತು ಅಂತ ನಂಗೂ ಗೊತ್ತಿತ್ತು ಬುಡಿ ಅಣ್ಣ. ಬಂದೋರು ಸುಮ್ಕೆ ನಿಂತ್ಕಬ್ಯಾಡಿ, ಆ ಕಡೆ ದಾರ ಇಡ್ಕಳಿ."

ಕುಕ್ಕರಗಾಲಿನಲ್ಲಿ ಕೂತು, ಸಾಲು ನೇರ ಬರಲೆಂದು ಎಳೆದಿದ್ದ ದಾರದ ತುದಿ ಹಿಡಿದೆ. ನನ್ನ ಇಟ್ಟಿಗೆಯಾಗಿದ್ದರೆ ಇನ್ನೂ ಚೆನ್ನಾಗಿ ಕೂರುತ್ತಿತ್ತು ಎಂದು ಆಗಲೂ ಅನ್ನಿಸಿತು. ಆದರೂ ದಾರ ಅಲುಗದಂತೆ ನೋಡಿಕೊಂಡೆ.