ಗಾಡಿಗಳು ಕಾಯುತ್ತಿದ್ದ ಕಾಲದ ತೋಟ

ಮೊನ್ನೆ ಧಾರವಾಡದ ಪೇಟೆಯಲ್ಲಿ ಒಬ್ಬ ರೈತ ಗಾಡಿಯ ಗಾಲಿ ಕಳಚಿ ಅಚ್ಚಿಗೆ ಕೀಲೆಣ್ಣೆ ಸವರುತ್ತಿದ್ದ. ಹರಳೆಣ್ಣೆಯಲ್ಲಿ ಮಸಿ ಕಲಸಿದ ಆ ಕಪ್ಪು ವಾಸನೆ ಮೂಗಿಗೆ ಬಡಿದದ್ದೇ ತಡ, ಕಾಲೇಜಿಗೆ ಹೊರಟಿದ್ದ ನಾನು ಪುಸ್ತಕ ಎದೆಗವಚಿಕೊಂಡು ರಸ್ತೆಯಲ್ಲೇ ನಿಂತುಬಿಟ್ಟೆ. ನನ್ನೊಳಗೆ ಆ ವಾಸನೆಗೆ ಜೊತೆಯಾಗಿ ಇನ್ನೊಂದಿದೆ, ಬಿಸಿಲಿಗೆ ಕಾದ ಹತ್ತಿಯದು. ಎರಡೂ ಕೂಡಿದರೆ ಬೈಲಹೊಂಗಲದ ನಮ್ಮ ವಾಡೆಮನೆಯ ಹಿತ್ತಲು, ಹುಣಸೆಮರಗಳ ಕೆಳಗೆ ಕಿರುಗುಟ್ಟುತ್ತ ಸುತ್ತುವ ಕಟ್ಟಿಗೆಯ ಕುದುರೆಗಳು, ಬಾಗಿಲಲ್ಲಿ ಕೂತ ಸುಂದ್ರತ್ಯಾ. ಊರಿನಲ್ಲಿ ಯಾರನ್ನು ಕೇಳಿದರೂ ಆ ತೋಟದ ಕಥೆಯನ್ನು ಒಂದೇ ಮಾತಿನಲ್ಲಿ ಮುಗಿಸುತ್ತಾರೆ: ಟೆಂಟಿನ ಟಾಕೀಜು ಬಂತು, ವಾಮನರಾಯರ ಗಾಣದ ತೋಟ ಮುಚ್ಚಿತು. ಹೇಳುವವರು ನಿಟ್ಟುಸಿರು ಬಿಡುತ್ತಾರೆ, ಕೇಳುವವರು ತಲೆಯಾಡಿಸುತ್ತಾರೆ, ಮಾತು ಹಾಗೇ ನಿಜವಾಗಿ ನಿಂತುಬಿಟ್ಟಿದೆ. ನಾನು ಒಪ್ಪುವುದಿಲ್ಲ. ಟಾಕೀಜು ಸುರುವಾಗುತ್ತಿದ್ದುದು ಕತ್ತಲಾದ ಮೇಲೆ, ತೋಟ ಮುಚ್ಚುತ್ತಿದ್ದುದು ದನಗಳು ಮನೆಗೆ ಬರುವ ಹೊತ್ತಿಗೆ. ರಾತ್ರಿಯ ಅಂಗಡಿ ಹಗಲಿನ ಅಂಗಡಿಯನ್ನು ಹೇಗೆ ಮುಚ್ಚಿಸೀತು? ಇಷ್ಟು ಸಣ್ಣ ಪ್ರಶ್ನೆಯನ್ನೂ ಕೇಳದೆ ಇಡೀ ಊರು ಹತ್ತು ವರ್ಷ ನಿಟ್ಟುಸಿರು ಬಿಟ್ಟಿದೆಯಲ್ಲ ಎಂದು ನನಗೆ ಸಿಟ್ಟೂ ಬರುತ್ತದೆ, ನಗುವೂ ಬರುತ್ತದೆ.

ತೋಟ ಕಟ್ಟಿದವನು ನನ್ನ ತಂದೆಯ ತಮ್ಮ, ವಾಮನಕಾಕಾ. ನಮ್ಮದು ವೈದಿಕರ ಮನೆ. ಅಜ್ಜ ನ್ಯಾಯಶಾಸ್ತ್ರ ಓದಿದವರು, ಅಪ್ಪ ಸಾಲಿ ಮಾಸ್ತರ, ಕಾಕಾನಿಗೆ ಮಾತ್ರ ಮಂತ್ರವೂ ಹತ್ತಲಿಲ್ಲ, ಸಾಲಿಯೂ ಹತ್ತಲಿಲ್ಲ. ತಿರುಗುವುದೆಂದರೆ ಅವನಿಗೆ ಪ್ರಾಣ. ಬಾವಿಯ ಗಡಗಡಿ, ಕುಂಬಾರನ ತಿಗರಿ, ಹತ್ತಿ ಬಿಡಿಸುವ ಜಿನ್ನಿನ ಪಟ್ಟೆ, ಯಾವುದು ಸುತ್ತುತ್ತಿದ್ದರೂ ಅಲ್ಲಿ ನಿಂತು ನೋಡುತ್ತಿದ್ದ. ಯಾರೋ ಕೈಬಿಟ್ಟ ಎಣ್ಣೆಗಾಣದ ಕಂಬವನ್ನು ತಂದು ಹಿತ್ತಲಿನಲ್ಲಿ ನೆಟ್ಟ. ಅದಕ್ಕೆ ಅಡ್ಡ ತೊಲೆ ಕೂಡಿಸಿ, ತೊಲೆಗಳಿಗೆ ಸರಪಳಿಯಿಂದ ಕುದುರೆಗಳನ್ನು ತೂಗುಬಿಟ್ಟ. ಒಂದು ತೊಲೆಯನ್ನು ಮಾತ್ರ ಉದ್ದ ಬಿಟ್ಟು, ಅದರ ತುದಿಗೆ ಎತ್ತು ಕಟ್ಟಿದರೆ ಕುದುರೆಗಳೆಲ್ಲ ಸುತ್ತುತ್ತಿದ್ದವು. ಕುದುರೆ ಕೆತ್ತಿದ ಕಿತ್ತೂರಿನ ಬಡಿಗೇರ ಅಲ್ಲಿಯವರೆಗೆ ಕೆತ್ತಿದ್ದು ಗುಡಿಗಳ ಬಸವಣ್ಣನನ್ನು ಮಾತ್ರ. ಹೀಗಾಗಿ ಕುದುರೆಗಳಿಗೆಲ್ಲ ಬಸವಣ್ಣನ ದೊಡ್ಡ ಸೌಮ್ಯ ಕಣ್ಣು, ಹೆಗಲ ಮೇಲೆ ಸಣ್ಣ ಡುಬ್ಬ. ಸಂಪಗಾಂವದಿಂದ ಹತ್ತಿ ತರುತ್ತಿದ್ದ ನಿಂಗಪ್ಪನೆಂಬ ಗಾಡಿಯವ ಮೊದಲ ಸಲ ನೋಡಿ, "ರಾಯರ, ಇದು ಕುದ್ರೀನೂ ಅಲ್ಲ ಎತ್ತೂ ಅಲ್ಲ. ನಾ ಯಾವ ಕಡಿ ಕುಂದ್ರಲಿ, ನೀವ ಹೇಳ್ರಿ" ಎಂದಿದ್ದ. ಕಾಕಾ, "ಡುಬ್ಬ ಹಿಡಕೊಂಡು ಕೂಡೋ ಮಾರಾಯಾ, ಬೀಳೂದಿಲ್ಲ" ಎಂದ. ಆಮೇಲೆ ಊರೆಲ್ಲ ಡುಬ್ಬ ಹಿಡಿದೇ ಕೂತಿತು.

ಎತ್ತು ಎಲ್ಲಿಂದ ಬಂತು ಎಂದು ಕೇಳುವ ಜಾಣರಿಗೆ ನಾನು ಸಂತೋಷದಿಂದ ಉತ್ತರಿಸುತ್ತೇನೆ. ನಮ್ಮ ಎತ್ತು ಒಂದೂ ಇರಲಿಲ್ಲ. ಊರಿಗೆ ಆಗ ಇದ್ದುದು ಒಂದೇ ಜಿನ್ನು. ಹತ್ತಿಯ ಸುಗ್ಗಿಯಲ್ಲಿ ಅದರ ಬಾಗಿಲಿನಿಂದ ನಮ್ಮ ವಾಡೆ ದಾಟಿ ಕೆರೆಯ ತನಕ ಗಾಡಿಗಳು ಸಾಲುಗಟ್ಟಿ ನಿಲ್ಲುತ್ತಿದ್ದವು. ಇವತ್ತು ಬಂದವನ ಪಾಳಿ ನಾಳೆ, ಒಮ್ಮೊಮ್ಮೆ ನಾಡಿದ್ದು. ಹತ್ತಿಯ ಅಂಡಿಗೆಗಳ ಮೇಲೆ ಕೂತು ಬಂದ ಹೆಂಡಿರು ಮಕ್ಕಳು ಬುತ್ತಿ ಬಿಚ್ಚಿ ಉಂಡು, ಮತ್ತೇನೂ ತೋಚದೆ ನಮ್ಮ ಗೋಡೆಯಾಚೆ ನೋಡುತ್ತಿದ್ದರು. ಯಾರ ಎತ್ತು ತೊಲೆಗೆ ಬರುತ್ತದೋ ಅದಕ್ಕೆ ನಮ್ಮ ಬಾವಿಯ ನೀರು, ನಮ್ಮ ಕಣಿಕೆಯ ಮೇವು, ಅವರ ಮಕ್ಕಳಿಗೆ ಪುಕ್ಕಟೆ ಸವಾರಿ. ಉಳಿದವರು ದುಡ್ಡಿದ್ದರೆ ದುಡ್ಡು, ಇಲ್ಲದಿದ್ದರೆ ಒಂದು ಹಿಡಿ ಶೇಂಗಾ, ಅದೂ ಇಲ್ಲದಿದ್ದರೆ ತಮ್ಮ ಅಂಡಿಗೆಯಿಂದ ಹಿರಿದ ಒಂದು ಹಿಡಿ ಹತ್ತಿ. ಅದನ್ನೆಲ್ಲ ಬಾಗಿಲಲ್ಲಿ ಕೂತು ತೆಗೆದುಕೊಳ್ಳುತ್ತಿದ್ದವಳು ಸುಂದ್ರತ್ಯಾ, ಅಪ್ಪನ ಅಕ್ಕ.

ಅತ್ಯಾ ರಾಮದುರ್ಗದ ಸೊಸೆ. ಗಂಡನ ಮುಖ ನೆನಪಿನಲ್ಲಿ ಉಳಿಯುವಷ್ಟೂ ಸಂಸಾರ ಮಾಡಲಿಲ್ಲ. ವಿಧವೆಯ ಕೆಂಪು ಮಡಿಸೀರೆಯ ಸೆರಗನ್ನು ತಲೆತುಂಬ ಹೊದ್ದು ತವರಿಗೆ ಬಂದವಳು ಹತ್ತಾರು ವರ್ಷ ಅಡುಗೆಮನೆಯ ಹೊಗೆಯಲ್ಲಿದ್ದಳು. ಆಕೆಯನ್ನು ತೋಟದ ಬಾಗಿಲಿಗೆ ಕೂಡಿಸುವ ಮಾತು ಬಂದಾಗ ಊರ ಹಿರಿಯರು ಬಂದು ಅಜ್ಜನಿಗೆ ಆಕ್ಷೇಪ ಹೇಳಿದರು. ಆಗ ಕಾಕಾ ಮಾಡಿದ ವಾದ ನನಗೆ ಇವತ್ತಿಗೂ ಹೊಟ್ಟೆಕಿಚ್ಚು ಹುಟ್ಟಿಸುತ್ತದೆ: "ಅಕ್ಕ ಎಲ್ಲಿ ಹೋಗ್ಯಾಳ? ತನ್ನ ಮನಿ ಹಿತ್ತಲದಾಗ ಕೂತಾಳ. ಹಿತ್ತಲಕ್ಕ ಮಂದಿ ಬಂದ್ರ ಆಕಿ ತಪ್ಪೇನು?" ಅಜ್ಜ ನಕ್ಕು, "ಹೇತು ಸರಿ ಅದ" ಎಂದುಬಿಟ್ಟರು. ಅತ್ಯಾ ಬಾಗಿಲಲ್ಲಿ ಕೂತು ಬಂದ ಹತ್ತಿಯನ್ನೆಲ್ಲ ಹೂಬತ್ತಿಯಾಗಿ ಹೊಸೆಯುತ್ತಿದ್ದಳು, ಸಿರಸಂಗಿಯ, ಹೂಲಿಯ ಹೆಂಗಸರೊಡನೆ ಹರಟುತ್ತಿದ್ದಳು. ಆಕೆ ನಗುವುದನ್ನು ನಾನು ಕೇಳಿದ್ದು ಅಲ್ಲಿಯೇ. ಒಳಗೆ ಯಾವತ್ತೂ ಕೇಳಿರಲಿಲ್ಲ. ತಗಡಿನ ಚಪ್ಪರದ ಕೆಳಗೆ ಕಾಕಾ ಬೆಳಗಾವಿಯಿಂದ ತಂದ ನಗೆಗನ್ನಡಿಗಳಿದ್ದವು. ಒಂದರಲ್ಲಿ ಮುಖ ಕುಂಬಳಕಾಯಿ, ಇನ್ನೊಂದರಲ್ಲಿ ಪಡವಲಕಾಯಿ. ಮನೆಯಲ್ಲಿ ಕನ್ನಡಿಯ ಮುಂದೆ ನಿಲ್ಲದ ಅತ್ಯಾ ಸಂಜೆ ಅವನ್ನು ಒರೆಸುವ ನೆಪದಲ್ಲಿ ಎಷ್ಟೋ ಹೊತ್ತು ನಿಲ್ಲುತ್ತಿದ್ದಳು. "ಕನ್ನಡಿ ನೋಡಬಾರದಂತಲ್ಲ ಅತ್ಯಾ?" ಎಂದು ನಾನು ತರ್ಕ ತೆಗೆದರೆ, "ಅದರಾಗ ಕಾಣಾಕಿ ನಾ ಅಲ್ಲಲ್ಲೇ ಖೋಡಿ" ಎನ್ನುತ್ತಿದ್ದಳು.

ತೋಟ ನಿಂತದ್ದು ಕಾಕಾನಿಗೆ ವಿಷಮಜ್ವರ ಬಂದಾಗ. ಜ್ವರ ಮತ್ತೆ ಮತ್ತೆ ಮರುಕಳಿಸಿ, ಹಾಸಿಗೆ ಹಿಡಿದವನು ಏಳುವ ಹೊತ್ತಿಗೆ ಎರಡು ಸುಗ್ಗಿ ಕಳೆದಿದ್ದವು. ತೊಲೆಗಳಿಗೆ ಒರಲೆ ಹಿಡಿದಿತ್ತು, ಸರಪಳಿ ತುಕ್ಕು ತಿಂದಿತ್ತು. ಮತ್ತೆ ತೆರೆಯಬೇಕಾದರೆ ಉಳಿದಿದ್ದ ಸಂಪಗಾಂವದ ಹೊಲ ಮಾರಬೇಕು. ಅದೇ ತಿಂಗಳು ರಾಮದುರ್ಗದಿಂದ ಅತ್ಯಾನ ಮೈದುನ ಬಂದ. ಕೆಟ್ಟ ಮನುಷ್ಯನಲ್ಲ. ಹೆಂಡತಿ ಕಾಯಿಲೆ ಬಿದ್ದಿದ್ದಳು, ಮಕ್ಕಳು ಸಣ್ಣವು. ಪಡಸಾಲೆಯಲ್ಲಿ ಕೂತು, "ವೈನಿ, ನಿಮಗ ಇಲ್ಲಿ ಏನು ಕೆಲಸ ಉಳದದ? ತೋಟರೆ ಮುಚ್ಚೇದ. ಅಲ್ಲಿ ಮನಿ ನಿಮ್ಮದ, ಬಂದು ನೋಡಕೋರಿ" ಎಂದ. ಅತ್ಯಾ ಬಾಗಿಲ ಮರೆಯಿಂದಲೇ, "ಮುಚ್ಚಿಲ್ಲಪಾ. ವಾಮ್ಯಾಗ ಆರಾಮ ಆಗೂತನಕ ನಿಂತದ, ಅಷ್ಟ" ಎಂದಳು. ತೋಟ ತೆರೆದರೆ ಅತ್ಯಾ ಉಳಿಯುತ್ತಾಳೆ, ಇಲ್ಲದಿದ್ದರೆ ರಾಮದುರ್ಗದ ಒಲೆ. ಇದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಆದರೆ ನಮ್ಮ ಮನೆಯಲ್ಲಿ ಗೊತ್ತಿದ್ದದ್ದು ಸಾಲುತ್ತಿರಲಿಲ್ಲ, ವಾದಕ್ಕೆ ನಿಲ್ಲಬೇಕಿತ್ತು.

ಅಜ್ಜನ ನೇಮ ಹೀಗಿತ್ತು. ಮನೆಯ ದೊಡ್ಡ ಮಾತೆಲ್ಲ ಊಟವಾದ ಮೇಲೆ ಪಡಸಾಲೆಯಲ್ಲಿ ಚರ್ಚೆಯಾಗಬೇಕು. ಯಾರಿಗೆ ಕೆಲಸ ಬೇಕಾಗಿದೆಯೋ ಅವನೇ ಮೊದಲು ಅದು ಬೇಡವೆನ್ನುವ ಪೂರ್ವಪಕ್ಷ ಹೇಳಬೇಕು. ಬೇಡವೆನ್ನುವವರು "ಹೌದು, ನಮ್ಮ ಮಾತು ಪೂರಾ ಹೇಳಿದಿ" ಎಂದು ಒಪ್ಪಿದ ಮೇಲೆಯೇ ಅವನು ತನ್ನ ಉತ್ತರಕ್ಕೆ ಬಾಯಿ ತೆರೆಯಬಹುದು. ಗಂಡಸರು ಕೂತು ಮಾತಾಡುವರು, ಹೆಂಗಸರು ನಡುಮನೆಯ ಬಾಗಿಲಾಚೆ ಕೂತು ಕೇಳುವರು. ಸಣ್ಣ ಹುಡುಗಿಯೆಂದು ನನಗೆ ಮಾತ್ರ ಎರಡೂ ಕಡೆ ಸಲಿಗೆ. ಹಿಂದೊಮ್ಮೆ ನಾಯಿಮರಿ ಬೇಕೆಂದು ಹಟ ಹಿಡಿದಾಗ ನಾನು ನಾಯಿಮರಿಯ ವಿರುದ್ಧ ಎಷ್ಟು ಚೆನ್ನಾಗಿ ವಾದಿಸಿದೆನೆಂದರೆ ಅಜ್ಜ ಬೆನ್ನು ಚಪ್ಪರಿಸಿ ಬೆಲ್ಲ ಕೊಟ್ಟರು, ನಾಯಿಮರಿ ಬರಲಿಲ್ಲ. ಹೊರಗಿನವರಿಗೆ ಇದು ಹುಚ್ಚಾಗಿ ಕಾಣಬಹುದು. ಇವತ್ತು ಕಾಲೇಜಿನ ಚರ್ಚಾಕೂಟಗಳಲ್ಲಿ ನಾನು ಗೆಲ್ಲುವುದೆಲ್ಲ ಆ ಹುಚ್ಚಿನಿಂದಲೇ.

ಆ ಮಧ್ಯಾಹ್ನ ಕಾಕಾ ಕಂಬಕ್ಕೆ ಒರಗಿ ನಿಂತ. ಜ್ವರದಲ್ಲಿ ಸೊರಗಿ ಅಂಗಿ ಮೈಮೇಲೆ ಜೋತಾಡುತ್ತಿತ್ತು, ಕಣ್ಣಿನಲ್ಲಿ ಮಾತ್ರ ಹಳೆಯ ಮಿಂಚು. "ಈಗ ನಾ ನಮ್ಮಣ್ಣ. ತೋಟ ಅಂದ ಕೂಡಲೆ ನನಗ ತಲಿಶೂಲಿ" ಎಂದು ಅಪ್ಪನ ಹಾಗೆ ಹಣೆ ಹಿಡಿದುಕೊಂಡ. ಅಪ್ಪನೂ ನಕ್ಕರು. ಆಮೇಲೆ ಕಾಕಾ ಒಂದೊಂದಾಗಿ ಹೇಳಿದ. ಹೊಲ ಹೋದರೆ ಮನೆಗೆ ಜೋಳ ಇಲ್ಲ, ತೊಲೆ ಮತ್ತೆ ಒರಲೆ ಹತ್ತುವುದಿಲ್ಲವೆಂದು ಯಾರು ಬರೆದುಕೊಟ್ಟಾರು, ಟಾಕೀಜು ಬಂದಿದೆ, ಜನಕ್ಕೆ ಕಟ್ಟಿಗೆ ಕುದುರೆ ಸಾಕಾಗಿದೆ. ಎಲ್ಲಕ್ಕೂ ಅವನ ಹತ್ತಿರ ಉತ್ತರ ತಯಾರಿತ್ತು, ಅದು ನಮಗೆಲ್ಲ ಕಾಣುತ್ತಿತ್ತು. ಮುಗಿಸಿ, "ಆತೇನಣ್ಣಾ?" ಎಂದ. ಅಪ್ಪ, "ಇಲ್ಲ. ಇನ್ನೂ ಒಂದು ಉಳದದ" ಎಂದರು. ಅಪ್ಪನ ಮನಸ್ಸಿನಲ್ಲಿ ಯಾವುದೂ ಇರಲಿಲ್ಲವಂತೆ. ವಾದದಲ್ಲಿ ಹಾಗೆ ಅನ್ನುವುದು ರೂಢಿ, ಅದಕ್ಕೇ ಅಂದೆ ಎಂದು ಮುಂದೊಮ್ಮೆ ನನ್ನೆದುರು ಹೇಳಿದರು.

ಕಾಕಾ ಯೋಚಿಸಿದ. ಅವನ ಕಣ್ಣು ತಲೆಬಾಗಿಲಿನಾಚೆ ರಸ್ತೆಯ ಮೇಲೆ ಹೋಯಿತು, ಅಲ್ಲೇ ನಿಂತಿತು.

"ಅಣ್ಣಾ, ಇದು ಯಾವ ತಿಂಗಳು?"

"ಫಾಲ್ಗುಣ. ಯಾಕ?"

"ಫಾಲ್ಗುಣದಾಗ, ಹತ್ತಿ ಸುಗ್ಗಿಯೊಳಗ, ನಮ್ಮ ಬಾಗಲ ಮುಂದ ಒಂದ ಗಾಡಿ ಇಲ್ಲ ನೋಡು."

ಎಲ್ಲರೂ ತಿರುಗಿ ನೋಡಿದೆವು. ರಸ್ತೆ ಬಿಸಿಲಿನಲ್ಲಿ ಬಣಗುಟ್ಟುತ್ತಿತ್ತು, ಹತ್ತಿಯ ನಾಲ್ಕು ಎಳೆ ಗಾಳಿಗೆ ಹಾರಾಡುತ್ತಿದ್ದವು. ಕಾಕಾ ಈಗ ಅಪ್ಪನ ದನಿ ಬಿಟ್ಟು ತನ್ನದೇ ದನಿಯಲ್ಲಿ, ನಿಧಾನವಾಗಿ ಹೇಳತೊಡಗಿದ: "ನಾ ತಿಳದಿದ್ದೆ ಮಂದಿ ನನ್ನ ಕುದುರಿ ನೋಡಲಿಕ್ಕೆ ಬರ್ತಾರಂತ. ಅವರು ಜಿನ್ನಿಗೆ ಬರ್ತಿದ್ರು. ಕಾಯೂದು ಬ್ಯಾಸರಾಗಿ ನಮ್ಮ ಕಡೆ ಬರ್ತಿದ್ರು. ಈಗ ಹೊಸಾ ಜಿನ್ನು ಆಗ್ಯಾವ, ಲಾರಿ ಬಂದಾವ. ಮುಂಜಾನಿ ಬಂದಾಂವ ಊಟಕ್ಕ ಊರು ಮುಟ್ಟತಾನ. ಮಂದೀನೂ ಇಲ್ಲ, ಕಂಬಾ ತಿರುವಲಿಕ್ಕೆ ಎತ್ತೂ ಇಲ್ಲ. ಮಂದೀಗೆ ಪುರಸೊತ್ತು ಇರೂದಿಲ್ಲಣ್ಣಾ ಇನ್ನ."

"ಪೂರ್ವಪಕ್ಷ ಪೂರಾ ಆತು," ಅಜ್ಜ ಅಂದರು. "ಈಗ ನಿನ್ನ ಉತ್ತರ ಹೇಳು."

"ಉತ್ತರ ಇಲ್ಲ ಅಪ್ಪಾ," ಎಂದು ಕಾಕಾ ಅಲ್ಲೇ ಕೂತುಬಿಟ್ಟ.

ನಾನು ಎದ್ದೆ. ಸವದತ್ತಿಯ ಗುಡ್ಡಕ್ಕೆ ಹುಣ್ಣಿಮೆ ಹುಣ್ಣಿಮೆಗೂ ಗಾಡಿಗಳು ಹೋಗುತ್ತವೆ, ಕುದುರೆಗಳನ್ನು ದಾರಿಯಲ್ಲಿ ಹೂಡೋಣ ಎಂದೆ. ಅಜ್ಜ ಮೆಚ್ಚಿ ತಲೆದೂಗಿದರು, ಆದರೆ, "ಅದು ಬ್ಯಾರೆ ಪ್ರತಿಜ್ಞಾ, ಬ್ಯಾರೆ ವಾದ, ಮಗಾ. ಈ ತೋಟ ತಗದಂಗ ಆಗಲಿಲ್ಲ" ಎಂದರು. ಆಗ ನಾನು ಕೇಳಿದೆ: "ಹಂಗಾದ್ರ ಅತ್ಯಾಂದು?" ನಡುಮನೆಯಲ್ಲಿ ತಾಟು ಒರೆಸುವ ಸದ್ದು ನಿಂತಿತು. ಅಜ್ಜ ನಡುಮನೆಯ ಬಾಗಿಲ ಕಡೆ ನೋಡಿದರು. ಆಮೇಲೆ, "ನಾವು ಹಿಡದ ವಿಷಯ ಯಾವುದು? ತೋಟ ತಗದರ ನಡೀತದೋ ಇಲ್ಲೋ ಅಂತ. ಸುಂದ್ರಾ ಎಲ್ಲಿರಬೇಕು ಅಂತ ಅಲ್ಲ. ಅದು ಇಲ್ಲಿ ಅಪ್ರಸ್ತುತ ಆಗ್ತದ" ಎಂದರು. ದನಿ ಎಂದಿನಂತಿರಲಿಲ್ಲ, ಆದರೂ ಅಂದರು. ನಿಯಮದ ಪ್ರಕಾರ ಅವರು ಹೇಳಿದ್ದು ಸರಿ. ನಾನು ಇಷ್ಟು ವರ್ಷ ಆ ನಿರ್ಣಯದಲ್ಲಿ ಬಿರುಕು ಹುಡುಕಿದ್ದೇನೆ, ಸಿಕ್ಕಿಲ್ಲ. ಸ್ವಲ್ಪ ಹೊತ್ತಿಗೆ ಅತ್ಯಾ ಹೊರಗೆ ಬಂದು, "ಕಷಾಯ ಕುಡಿಯೂ ಹೊತ್ತಾತು, ವಾಮ್ಯಾ. ಎಷ್ಟಂತ ಮಾತಾಡ್ತೀ, ದಣಿತೀ" ಎಂದು ಲೋಟ ಅವನ ಕೈಗಿಟ್ಟಳು. ಯುಗಾದಿಗೆ ಮುಂಚೆ ರಾಮದುರ್ಗದ ಮೋಟಾರು ಹತ್ತಿದಳು. ನಾವೆಲ್ಲ ನಿಂತಿದ್ದೆವು. ಕಾಕಾ ಮಾತ್ರ ಬಂದಿರಲಿಲ್ಲ.

ಈಗ ಅಜ್ಜನಿಲ್ಲ. ವಾಡೆ ಒಬ್ಬ ವ್ಯಾಪಾರಿಯ ಹತ್ತಿ ಗೋದಾಮು. ಅಜ್ಜ ಕೂಡುತ್ತಿದ್ದ ಪಡಸಾಲೆಯಲ್ಲಿ ಅಂಡಿಗೆಗಳು ಛಾವಣಿಗೆ ಮುಟ್ಟಿವೆ. ಕಾಕಾ ಹೊಸ ಜಿನ್ನೊಂದರಲ್ಲಿ ನೌಕರ, ಬಾಗಿಲಲ್ಲಿ ಗಾಡಿ ನಿಲ್ಲದಂತೆ ನೋಡಿಕೊಳ್ಳುವುದು ಅವನ ಕೆಲಸ, ಅದನ್ನು ಚೆನ್ನಾಗಿಯೇ ಮಾಡುತ್ತಾನೆ ಎನ್ನುತ್ತಾರೆ. ಊರಿನ ಕೆಲವು ತರುಣರು ಈಗ ತೋಟವನ್ನು ಮತ್ತೆ ತೆರೆಯಬೇಕೆಂದು ಹೊರಟಿದ್ದಾರೆ. ಕುದುರೆಗಳು ಯಾರದೋ ಕೊಟ್ಟಿಗೆಯಲ್ಲಿ ಇನ್ನೂ ಇವೆಯಂತೆ. ನೀವು ವಾದ ಬಲ್ಲವರು, ಹೇಳಿ, ಇದು ನಡೆದೀತೇ ಎಂದು ನನ್ನನ್ನು ಕೇಳಿದರು. ನಡೆಯದು ಎಂದೆ. ಪುರಸೊತ್ತಿಲ್ಲದ ಊರಿನಲ್ಲಿ ಪುರಸೊತ್ತಿನ ವ್ಯಾಪಾರ ಹೂಡಿದರೆ ಹಾಕಿದ್ದು ಬರುವುದಿಲ್ಲ. ಕಾಕಾನ ಮಾತನ್ನೇ ಹೇಳಿದೆ, ಅವರೂ ಒಪ್ಪಿಕೊಂಡು ಎದ್ದು ಹೋದರು. ಅವರು ಹೋದ ಮೇಲೆ ನನಗೆ ಆ ದಿನ ನಡುಮನೆಯಲ್ಲಿ ನಿಂತ ತಾಟಿನ ಸದ್ದು ನೆನಪಾಯಿತು.

ದೀಪಾವಳಿಗೆ ರಾಮದುರ್ಗಕ್ಕೆ ಹೋಗಿದ್ದೆ. ಮೈದುನನ ಮಕ್ಕಳು ದೊಡ್ಡವರಾಗಿದ್ದಾರೆ, ಅತ್ಯಾನನ್ನು ಚೆನ್ನಾಗಿ ನೋಡಿಕೊಳ್ಳುತ್ತಾರೆ, ಅದರಲ್ಲಿ ನನ್ನ ತಕರಾರಿಲ್ಲ. ಆಕೆ ಒಲೆಯ ಮುಂದೆ ಜೋಳದ ಭಕ್ರಿ ಬಡಿಯುತ್ತಿದ್ದಳು. ಹಿಟ್ಟಿನ ಕೈಯಿಂದ ಸೆರಗು ಸರಿಪಡಿಸಿಕೊಂಡು, ನನ್ನ ಪರೀಕ್ಷೆ, ಅಪ್ಪನ ಕೆಮ್ಮು, ವಾಮ್ಯಾನ ಕೂದಲು ನೆರೆತಿದ್ದು, ಎಲ್ಲ ವಿಚಾರಿಸಿದಳು. ತೋಟದ ಮಾತೆತ್ತಲಿಲ್ಲ. ನಾನೇ ಎತ್ತಿದೆ. ಊರಿನ ತರುಣರು ಬಂದದ್ದನ್ನು ಹೇಳಿದೆ, ನಾನು ಕೊಟ್ಟ ಉತ್ತರವನ್ನೂ ಹೇಳಿದೆ. ಆಕೆ ಭಕ್ರಿಯನ್ನು ಹಂಚಿನ ಮೇಲೆ ಹಾಕಿ ನೀರು ಸವರಿದಳು.

"ಅತ್ಯಾ," ಎಂದೆ, "ಅದು ನಡೀತದೋ ಇಲ್ಲೋ ಅನ್ನೂದು ಬಿಡು. ಅವತ್ತು ನಿನ್ನ ಯಾರೂ ಕೇಳಲಿಲ್ಲ, ನಾ ಕೇಳ್ತೀನಿ. ಮತ್ತ ತಗದರ, ನೀ ಬರ್ತೀಯೇನು?"