ಪಂಚಮಿಯ ಉಂಡಿ ಮತ್ತು ಹನ್ನೆರಡು ತಿಂಗಳು

ನವೆಂಬರ್ ತಿಂಗಳ ಎರಡನೆಯ ಮಂಗಳವಾರ, ಬೆಳಿಗ್ಗೆ ಹತ್ತು ಗಂಟೆ ಹತ್ತು ನಿಮಿಷ. ಸ್ಥಳ, ಬೆಟಗೇರಿಯ ನಮ್ಮ ಮನೆಯ ಪಡಸಾಲೆ. ಹಾಜರಿದ್ದವರು ನಾನು, ನನ್ನ ಸೊಸೆ ಮತ್ತು ವಿಚಾರಣೆಗೆ ಬಂದ ಪೊಲೀಸ್ ಹವಾಲ್ದಾರ. ಮಗ ಗದಗಿನಲ್ಲಿರುವ ತನ್ನ ರಕ್ತಪರೀಕ್ಷೆಯ ಲ್ಯಾಬಿಗೆ ಎಂಟಕ್ಕೇ ಹೋಗಿದ್ದ.

ಹೀಗೆ ಬರೆದಿಡುವುದು ಮೂವತ್ತನಾಲ್ಕು ವರ್ಷದ ರೂಢಿ. ಲಕ್ಷ್ಮೇಶ್ವರ, ಮುಂಡರಗಿ, ಗದಗಿನ ಸರ್ಕಾರಿ ಆಸ್ಪತ್ರೆಗಳಲ್ಲಿ ನರ್ಸಾಗಿದ್ದೆ. ಯಾವ ರೋಗಿ, ಯಾವ ಹೊತ್ತು, ಎದುರಿಗೆ ಯಾರಿದ್ದರು ಎಂದು ಬರೆಯದೆ ಒಂದು ದಿನವೂ ಪಾಳಿ ಮುಗಿಸಿದವಳಲ್ಲ.

ಸೊಸೆ ಶ್ರೀಲಂಕಾದವಳು. ಅವಳೂ ನನ್ನ ಮಗನೂ ಮಸ್ಕತ್ತಿನ ಒಂದೇ ಆಸ್ಪತ್ರೆಯಲ್ಲಿ ಕೆಲಸಕ್ಕಿದ್ದರು. ಮದುವೆಯಾಗಿ ಬೆಟಗೇರಿಗೆ ಬಂದು ಎಂಟು ವರ್ಷ ದಾಟಿತು. ರೊಟ್ಟಿಯನ್ನು ನನಗಿಂತ ತೆಳ್ಳಗೆ ಬಡಿಯುತ್ತಾಳೆ. ಓಣಿಯ ಜಗಳವನ್ನು ಓಣಿಯ ಮಾತಿನಲ್ಲೇ ಬಿಡಿಸುತ್ತಾಳೆ. ಆದರೆ ಕಾನೂನಿಗೆ ರೊಟ್ಟಿ ಬೇಕಿಲ್ಲ, ದಿನಗಳು ಬೇಕು. ಇಲ್ಲಿಯವರನ್ನು ಮದುವೆಯಾದವರು ಪೌರತ್ವಕ್ಕೆ ಅರ್ಜಿ ಹಾಕುವ ಮೊದಲು ಏಳು ವರ್ಷ ಈ ದೇಶದಲ್ಲಿ ವಾಸವಾಗಿರಬೇಕು. ಅದರಲ್ಲಿ ಅರ್ಜಿಗೆ ಹಿಂದಿನ ಹನ್ನೆರಡು ತಿಂಗಳು ಒಂದೇ ಸಮನೆ, ನಡುವೆ ದೇಶ ಬಿಡದೆ ಇರಬೇಕು.

ಆ ಹನ್ನೆರಡರಲ್ಲಿ ಒಂಬತ್ತು ತಿಂಗಳು ಕಳೆದಾಗ, ಜೂನ್‌ನಲ್ಲಿ, ಅವಳ ತಾಯಿಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು, ಮಾತು ಮೂರೂ ಹೋದವು. ಸೊಸೆ ಹೋಗಲಿಲ್ಲ. ಹೋದರೆ ಎಣಿಕೆ ಮತ್ತೆ ಮೊದಲಿನಿಂದ. ಪ್ರತಿ ಸಂಜೆ ಆರಕ್ಕೆ ಮೊಬೈಲಿನಲ್ಲಿ ತಾಯಿಯ ಸೊಟ್ಟ ಬಾಯಿಯನ್ನು ನೋಡುತ್ತ ಕೂರುತ್ತಿದ್ದಳು. ಸೆಪ್ಟೆಂಬರಿನಲ್ಲಿ ಅರ್ಜಿ ಹಾಕಿದೆವು. ವಿಚಾರಣೆ ಮುಗಿಯುವ ತನಕ ಕದಲಬೇಡಿರೆಂದು ಕಚೇರಿಯಲ್ಲಿ ಹೇಳಿದರು. ಆ ವಿಚಾರಣೆ ಬಂದದ್ದೇ ಈ ಮಂಗಳವಾರ.

ಹವಾಲ್ದಾರ ಪಡಸಾಲೆಯಲ್ಲಿ ಕುಳಿತುಕೊಳ್ಳಲಿಲ್ಲ. ಬೂಟು ಕಳಚದೆ ಮಗ-ಸೊಸೆಯ ಕೋಣೆಗೆ ನುಗ್ಗಿದ.

"ಇಬ್ರೂ ಇಲ್ಲೇ ಮಲಗ್ತೀರೇನು?"

"ಹೌದ್ರಿ," ಎಂದಳು ಸೊಸೆ.

ಮದುವೆ ಬರೀ ಕಾಗದದ ಮೇಲಿನದೇನೋ ಎಂಬ ಅನುಮಾನದಿಂದ ಅವನು ದಿಂಬುಗಳನ್ನು ಎತ್ತಿ ನೋಡಿದ. ಕಪಾಟು ತೆಗೆದು ಅವಳ ಸೀರೆಗಳ ನಡುವೆ ಕೈ ತೂರಿಸಿ, ಅವುಗಳ ಹಿಂದೆ ಗಂಡಸಿನ ಅಂಗಿಗಳಿವೆಯೇ ಎಂದು ಎಳೆದು ನೋಡಿದ. ಅವನ ಬೆರಳುಗಳಲ್ಲಿ ತಂಬಾಕಿನ ಕಂದು ಕಲೆ. ಕೀವು, ಮಲ, ಕೊಳೆತ ಕಾಲು ಇವೆಲ್ಲವನ್ನೂ ಮೂಗು ಮುಚ್ಚದೆ ತೊಳೆದವಳು ನಾನು. ಆದರೆ ಅಂದು ಆ ಬೆರಳುಗಳನ್ನು ನೋಡಲಾಗದೆ ಮುಖ ತಿರುಗಿಸಿದೆ.

ಪಡಸಾಲೆಗೆ ಬಂದು ಫೈಲು ಬಿಚ್ಚಿದ. "ಬಾಯಾರ, ಇಲ್ಲೊಂದು ತೊಡಕೈತ್ರಿ. ನಿನ್ನಿ ನೀವ್ಯಾರೂ ಇರಲಿಲ್ಲ. ಬಾಜೂಮನಿಯವ್ರನ್ನ ಕೇಳಿದೆ. ಪಂಚಮಿಗೆ ಸೊಸಿ ತವರಿಗೆ ಹೋಗಿ ಒಂಬತ್ತು ದಿನ ಇದ್ದು ಬಂದಾಳಂತ ಹೇಳಿ ಸಹಿ ಮಾಡ್ಯಾರ. ವಿಮಾನದಾಗ ಹೋಗಿದ್ಲಂತ."

ಸೊಸೆ ನನ್ನ ಮುಖ ನೋಡಿದಳು. ನಾನು ಗೋಡೆ ನೋಡಿದೆ.

ನಾಗರಪಂಚಮಿಗೆ ನಮ್ಮ ಓಣಿಯ ಸೊಸೆಯರೆಲ್ಲ ತವರಿಗೆ ಹೋಗುತ್ತಾರೆ. ಅಣ್ಣನೋ ತಮ್ಮನೋ ಬಂದು ಕರೆದೊಯ್ಯುತ್ತಾನೆ. ತಿರುಗಿ ಬರುವಾಗ ತವರಿನ ಉಂಡಿ ತಂದು ಮನೆಮನೆಗೆ ಹಂಚುತ್ತಾರೆ. ಈ ಸಲ ನೀರು ತುಂಬುವ ಹೊತ್ತಿನಲ್ಲಿ ಬಾಜೂಮನೆಯಾಕೆ, ಮನೆಯಲ್ಲಿ ಎರಡು ಮಗ್ಗ ಇಟ್ಟುಕೊಂಡ ನೇಕಾರರ ಹೆಂಡತಿ, ಎಲ್ಲರಿಗೂ ಕೇಳುವ ಹಾಗೆ ಕೂಗಿದ್ದಳು: "ನರ್ಸಬಾಯಾರ, ಅಕಿ ತಾಯಿ ಹಾಸಿಗಿ ಹಿಡದಾಳ, ಹಬ್ಬಕ್ಕರ ಸೊಸೀನ ಕಳಸೂದಿಲ್ಲೇನ್ರಿ? ರೊಟ್ಟಿ ಬಡ್ಯಾಕ ಯಾರೂ ಇಲ್ಲೇನು ಮನ್ಯಾಗ?"

ಕೊಡಪಾನ ಹಿಡಿದ ಹೆಂಗಸರೆಲ್ಲ ನಕ್ಕರು. ಏಳು ವರ್ಷ, ಹನ್ನೆರಡು ತಿಂಗಳು ಎಂದು ನಳದ ಮುಂದೆ ವಿವರಿಸಬಹುದಿತ್ತು. ವಿವರಿಸಲಿಲ್ಲ. "ಕಳಸ್ತೀನವ್ವಾ, ವಿಮಾನದಾಗ ಕಳಸ್ತೀನಿ" ಎಂದುಬಿಟ್ಟೆ.

ಮರುದಿನ ಮುಂಜಾನೆ ಆರರ ಬಸ್ಸಿಗೆ ಸೊಸೆಯನ್ನು ಶಿರಹಟ್ಟಿಯಲ್ಲಿರುವ ನನ್ನ ತಮ್ಮನ ಮನೆಗೆ ಕಳಿಸಿದೆ. ಒಂಬತ್ತು ದಿನ ಅಲ್ಲೇ ಇರು ಎಂದೆ. ಅವಳು ಹೂಂ ಎಂದು ಚೀಲ ಎತ್ತಿಕೊಂಡಳು. ಅವಳು ಬಂದ ಮೇಲೆ ನಾನೇ ಎಳ್ಳಿನುಂಡಿ, ಶೇಂಗಾದುಂಡಿ ಕಟ್ಟಿದೆ. ಅವಳ ತವರಿನಿಂದ ಹಿಂದೆಂದೋ ಬಂದಿದ್ದ ಬಿಸ್ಕತ್ತಿನ ತಗಡಿನ ಡಬ್ಬಿಯಲ್ಲಿ ತುಂಬಿ ಬಾಜೂಮನೆಗೆ ಡಬ್ಬಿಸಮೇತ ಕೊಟ್ಟೆ. ದಿನಚರಿಯಲ್ಲಿ ಮಾತ್ರ "ಸೊಸೆ ಶಿರಹಟ್ಟಿಗೆ, ಆರರ ಬಸ್ಸು" ಎಂದೇ ಬರೆದೆ. ಪುಸ್ತಕಕ್ಕೆ ನಿಜ, ಓಣಿಗೆ ಸುಳ್ಳು. ಈಗ ಅದನ್ನು ನೆನೆದರೆ ಆ ಹವಾಲ್ದಾರನ ಬೆರಳಿಗಿಂತ ನನ್ನ ಬೆರಳೇ ಹೊಲಸೆನ್ನಿಸುತ್ತದೆ.

ಪಾಸ್‌ಪೋರ್ಟು ತಂದು ತೋರಿಸಿದೆ. ಹವಾಲ್ದಾರ ಹಾಳೆ ತಿರುವಿ ಮುದ್ರೆಗಳನ್ನು ಹುಡುಕಿದ.

"ಹೋದ ಸಿಕ್ಕಾನೂ ಇಲ್ಲ, ಬಂದ ಸಿಕ್ಕಾನೂ ಇಲ್ಲ, ಖರೆ. ಆದ್ರ ಹೇಳಿಕಿ ಬ್ಯಾರೆ ಐತಲ್ರಿ. ಎರಡೂ ಕೂಡಲಿಲ್ಲಂದ್ರ ಮ್ಯಾಲಿನವ್ರು ಅರ್ಜಿ ತಿರುಗಿ ಕಳಸ್ತಾರ. ಮತ್ತ ಪಂಚಮಿಯಿಂದ ಹನ್ನೆರಡು ತಿಂಗಳು ಎಣಸಬೇಕು."

"ಬಾಜೂಮನಿಯಾಕಿನ ಬ್ಯಾರೆ ಹೇಳಿಕಿ ಕೊಟ್ರ?"

"ಇವತ್ತ ಐದರೊಳಗ ಕೊಡಸ್ರಿ. ನಾಳೆ ಫೈಲು ಹೋಗ್ತೈತಿ."

ಹನ್ನೊಂದೂವರೆಗೆ ಬಾಜೂಮನೆಗೆ ಹೋದೆ. ಸೊಸೆಯೂ ಹಿಂದೆ ಬಂದಳು. ಬಾಜೂಮನೆಯಾಕೆ ನೂಲಿನ ಲಡಿ ಸುತ್ತುತ್ತಿದ್ದಳು, ಒಳಗೆ ಮಗ್ಗದ ಸದ್ದು. ನಿಂತುಕೊಂಡೇ ಹೇಳಿದೆ. "ಪಂಚಮಿಗೆ ಸೊಸಿ ತವರಿಗೆ ಹೋಗಿಲ್ಲ. ಶಿರಹಟ್ಯಾಗ ಇದ್ಲು. ನಾ ಸುಳ್ಳು ಹೇಳಿದೆ."

"ಏ ಬಿಡ್ರಿ ಬಾಯಾರ, ಚ್ಯಾಷ್ಟಿ ಮಾಡಬ್ಯಾಡ್ರಿ. ಉಂಡಿ ತಿಂದೀನಿ ನಾ. ಪೊಲೀಸಪ್ಪಗೂ ಹೇಳೀನಿ, ಆ ದೇಶದ ಉಂಡೀನೂ ನಮ್ಮ ಉಂಡಿ ಇದ್ದಂಗ ಇರ್ತಾವು ಅಂತ."

"ಅವು ನಾ ಕಟ್ಟಿದ ಉಂಡಿ."

ಆಕೆಯ ಕೈ ನಿಂತಿತು. ನನ್ನನ್ನು ಬಿಟ್ಟು ಸೊಸೆಯ ಕಡೆ ತಿರುಗಿದಳು. "ಹಂಗಾರ ತಾಯಿ ಮಾರಿ ನೋಡಿ ಎಷ್ಟು ದಿನಾ ಆತವ್ವಾ?"

"ಹದಿನಾಲ್ಕು ತಿಂಗಳ ಮ್ಯಾಲಾತ್ರಿ, ಅಕ್ಕಾರ."

ನಾನು ಕಾಗದ ಮುಂದಿಟ್ಟೆ. ಪಂಚಮಿಗೆ ಸೊಸೆ ದೇಶ ಬಿಟ್ಟಿಲ್ಲವೆಂದು ಅದರಲ್ಲಿ ನಾನೇ ಬರೆದದ್ದನ್ನು ಓದಿ ಹೇಳಿದೆ. ಆಕೆ ಕಾಗದವನ್ನು ಬೆರಳ ತುದಿಯಿಂದ ಹಿಂದಕ್ಕೆ ತಳ್ಳಿದಳು.

"ತಾಯಿ ಬಿದ್ದಾಳ, ಮಗಳು ಹೋಗಿಲ್ಲ, ಅದಕ ಈಕಿ ಇಲ್ಲಿಯಾಕಿ ಆಗಾಕ ಲಾಯಕ್ಕು. ಹಿಂಗಂತ ನಾ ಸಹಿ ಮಾಡಬೇಕೇನ್ರಿ? ಥೂ! ಯಾವ ಸೀಮಿ ಕಾಯ್ದೆ ಇದು? ನಾ ಒಲ್ಲೆ."

ಐದು ತಿಂಗಳಿಂದ ನನ್ನ ಗಂಟಲಲ್ಲಿ ಸಿಕ್ಕಿಕೊಂಡಿದ್ದ ಮಾತನ್ನೇ ಆಕೆ ಉಗುಳಿದ್ದಳು.

ಸೊಸೆ ನೆಲದ ಮೇಲೆ ಕುಳಿತು ಕಾಗದವನ್ನು ಮತ್ತೆ ಮುಂದಕ್ಕೆ ಸರಿಸಿದಳು. "ಮಾಡ್ರಿ ಅಕ್ಕಾರ. ಬರದಿದ್ದು ಖರೇ ಐತಿ, ನಾ ಹೋಗಿಲ್ಲ. ನೀವು ಸಹಿ ಮಾಡಿದ್ರ ಈಗರ ಹೋಗ್ತೀನಿ. ಇಲ್ಲಾಂದ್ರ ಇನ್ನೊಂದು ಪಂಚಮಿ ತನಕ ಅವ್ವ ಇರ್ತಾಳೋ ಇಲ್ಲೋ."

ಆಕೆ ಸಹಿ ಮಾಡಿದಳು. ಪೆನ್ನು ನನ್ನ ಕೈಗೆ ಕೊಡದೆ ನೆಲದ ಮೇಲಿಟ್ಟಳು.

ನಾಲ್ಕು ಗಂಟೆ ಇಪ್ಪತ್ತು ನಿಮಿಷಕ್ಕೆ ಠಾಣೆಯಲ್ಲಿ ಕಾಗದ ಮುಟ್ಟಿಸಿದೆ. ಹವಾಲ್ದಾರ ಹಳೆಯ ಹೇಳಿಕೆಯ ಮೇಲೆ ಇದನ್ನು ಚುಚ್ಚಿ, "ಆತ್ರಿ ಬಾಯಾರ, ನಮ್ಮ ವಿಚಾರಣೆ ಮುಗೀತು. ಇನ್ನ ಊರಿಗೆ ಹೋಗಬಹುದು ಅಕಿ" ಎಂದ. ಸಲೀಸಾಗಿ ಅಂದುಬಿಟ್ಟ. ಮಗನಿಗೆ ಅಲ್ಲಿಂದಲೇ ಫೋನು ಮಾಡಿ ಟಿಕೆಟು ತೆಗೆಯಲು ಹೇಳಿದೆ.

ಮನೆಗೆ ಬಂದಾಗ ಕಟ್ಟೆಯ ಮೇಲೆ ಬಿಸ್ಕತ್ತಿನ ಡಬ್ಬಿ ಇತ್ತು. ಬಾಜೂಮನೆಯಾಕೆ ತಿರುಗಿ ಕಳಿಸಿದ್ದಳು. ನಮ್ಮ ಓಣಿಯಲ್ಲಿ ಪಾತ್ರೆಯನ್ನು ಬರಿದಾಗಿ ತಿರುಗಿಸುವುದಿಲ್ಲ, ಏನಿಲ್ಲವೆಂದರೂ ಒಂದು ಚೂರು ಬೆಲ್ಲ ಹಾಕಿ ಕೊಡುತ್ತಾರೆ. ಮುಚ್ಚಳ ತೆಗೆದೆ. ಏನೂ ಇರಲಿಲ್ಲ, ಮೂಲೆಯಲ್ಲಿ ನಾಲ್ಕು ಎಳ್ಳು ಅಂಟಿದ್ದವು.

ಆರಾಗಿತ್ತು. ಒಳಗೆ ಸೊಸೆ ಮೊಬೈಲಿನಲ್ಲಿ ತಾಯಿಯೊಂದಿಗೆ ತನ್ನ ಭಾಷೆಯಲ್ಲಿ ಜೋರಾಗಿ, ತಡೆದು ತಡೆದು ಮಾತಾಡುತ್ತಿದ್ದಳು. ನಾನು ಡಬ್ಬಿಗೆ ಕುದಿಯುವ ನೀರು ಹೊಯ್ದೆ. ಎಳ್ಳನ್ನು ಉಗುರಿನಿಂದ ಕೆರೆದು ತೆಗೆದೆ. ಎರಡು ಸಲ ತೊಳೆದು, ಒಣಬಟ್ಟೆಯಿಂದ ಒರೆಸಿ, ಬೋರಲು ಹಾಕಿದೆ.